ಮುಂಬೈಯಲ್ಲಿ ಕೂತು ಬಂಗಾಳದ ಫಕೀರರ ಹಾಡು: ಎಲ್ಲಿಂದ ಶುರು ಮಾಡಲಿ?

ಕಾಲ್ಬಾದೇವಿ ಕಾಫಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಚಿಕ್ಕಪ್ಪನದು ಕಾಲ್ಬಾದೇವಿಯ ಒಂದು ಗಲ್ಲಿಯಲ್ಲಿ ಸಣ್ಣ ಹೋಟೆಲು. ಕಾಲೇಜು ಮುಗಿಸಿ ಬಂದು ಸಂಜೆ ನಾನೇ ಗಲ್ಲಾದಲ್ಲಿ ಕೂರುತ್ತೇನೆ. ಮೇಲಿನ ಮಹಡಿಗಳ ತುಂಬಾ ಬಂಗಾಳದಿಂದ ಬಂದ ಚಿನ್ನದ ಕಾರಿಗಾರರು. ಒಂದೊಂದು ಖೋಲಿಯಲ್ಲಿ ಎಂಟು ಹತ್ತು ಜನ, ಅಲ್ಲೇ ಕೆಲಸ, ಅಲ್ಲೇ ನಿದ್ದೆ. ಅವರಲ್ಲಿ ಒಬ್ಬರು, ಐವತ್ತು ದಾಟಿದವರು, ನಾವು ಶಟರ್ ಎಳೆಯುವ ಹೊತ್ತಿಗೆ ಸರಿಯಾಗಿ ಕಟಿಂಗ್ ಚಹಾಕ್ಕೆ ಬರುತ್ತಾರೆ. ಗ್ಲಾಸಿನ ಅಂಚಿಗೆ ಉಗುರಿನಲ್ಲಿ ತಾಳ ಹಾಕುತ್ತಾ ಏನೋ ಗುನುಗುತ್ತಾರೆ. ನನಗೆ ಕೇಳಿಸುತ್ತಿದ್ದದ್ದು "ಮನೆಯ ಮನುಷ". ಪಾಪ, ಊರಲ್ಲಿರುವ ಮನೆಯವರ ನೆನಪಾಗಿ ಹಾಡುತ್ತಾರೆ ಅಂದುಕೊಂಡೆ. ಮೂರು ತಿಂಗಳು ಹಾಗೇ ಅಂದುಕೊಂಡಿದ್ದೆ! ಕೊನೆಗೆ ಕೇಳಿಯೇಬಿಟ್ಟೆ. ಅದು "ಮೊನೇರ್ ಮಾನುಷ್" ಅಂತೆ. ಮನಸ್ಸಿನ ಮನುಷ್ಯ, ಒಳಗೇ ಇದ್ದೂ ಕೈಗೆ ಸಿಗದವನು.

"ಹಾಗಾದರೆ ನೀವು ಬಾವುಲ್ ಅಲ್ವಾ?" ಎಂದೆ. ಹಾಡುತ್ತಾ ಅಲೆಯುವ ಬಂಗಾಳದ ಸಾಧಕರನ್ನು ಹಾಗೆ ಕರೆಯುತ್ತಾರೆ ಅಂತ ಓದಿದ್ದೆ. ಜೋರಾಗಿ ನಕ್ಕರು. ಬಾವುಲ್ ಅಂದರೆ ರೈಲಿನಲ್ಲಿ ಹಾಡುವವರು, ನಮ್ಮದು ಘೋಷಪಾಡಾ, ನಮ್ಮ ತಾಯಿ ಸತೀಮಾಗೆ ನಡೆದುಕೊಳ್ಳುವವರು ಎಂದು ಹೇಳಿ ಎದ್ದು ಹೋದರು.

ನಾನು ಕನ್ನಡ ಎಂಎ ಎರಡನೇ ವರ್ಷ. ನಮ್ಮ ತತ್ವಪದ ಮತ್ತು ಇವರ ಹಾಡು ಜೊತೆಗಿಟ್ಟು ನೋಡಿ ಸಣ್ಣ ಪ್ರಬಂಧ ಬರೆಯೋಣ ಅಂತ ಆಸೆ. ಮಾರ್ಗದರ್ಶಕರು "ಬಾವುಲ್ ತಾನೇ, ನೂರು ಜನ ಮಾಡಿಯಾಗಿದೆ, ಅದರ ಮೇಲೆ ನಿನಗೆ ಬಂಗಾಳಿ ಬೇರೆ ಬರೋದಿಲ್ಲ" ಎಂದು ಅರ್ಜಿಯನ್ನು ತಿರುಗಿಸಿ ಕೊಟ್ಟರು. ಬಾವುಲ್ ಬಿಟ್ಟು ಅಲ್ಲಿ ಬೇರೆ ಏನಿದೆ? ಭಾಷೆ ಬರದೆ ಇದನ್ನು ಮಾಡುವುದು ಹುಚ್ಚುತನವಾ? ಇಲ್ಲಿಂದಲೇ ಎಷ್ಟು ಮಾಡಬಹುದು?

ಏಕತಾರಿ:

ತಂಗೀ, ಮೊದಲು ಆ ಕಾರಿಗಾರರ ನಗುವನ್ನು ಬರೆದಿಟ್ಟುಕೋ. ನಿನ್ನ ಪ್ರಬಂಧದ ಮೊದಲ ಪುಟ ಅದೇ.

ನಾನು ಪುಣೆಯಲ್ಲಿರುವ ನಿವೃತ್ತ ಬ್ಯಾಂಕ್ ನೌಕರ. ಕೆಲಸದ ಮೇಲೆ ನಾಲ್ಕು ವರ್ಷ ನದಿಯಾ ಜಿಲ್ಲೆಯ ಕೃಷ್ಣನಗರದಲ್ಲಿದ್ದೆ. ಹೋಗುವಾಗ ನನಗೂ ಬಾವುಲ್ ಅನ್ನುವ ಒಂದೇ ಪದ ಗೊತ್ತಿತ್ತು. ಅಲ್ಲಿ ಹೋದ ಮೇಲೆ ಕರ್ತಾಭಜಾ, ಸಾಹೇಬಧನಿ, ಬಲರಾಮಿ, ಮತುವಾ, ಫಕೀರರು ಅಂತ ಪಟ್ಟಿ ಬೆಳೆಯಿತು. ಅಲ್ಲಿನವರು ಇವನ್ನೆಲ್ಲ ಸೇರಿಸಿ ಗೌಣಧರ್ಮ ಎನ್ನುತ್ತಾರೆ. ಹೆಚ್ಚಿನವು ಹದಿನೆಂಟು ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿದ್ದು. ಸೇರಿದವರು ಕೆಳಜಾತಿಯವರು, ಬಡ ಮುಸ್ಲಿಮರು, ರೈತರು, ಮೀನುಗಾರರು. ಜನಗಣತಿಗೆ ಬಂದವರ ಮುಂದೆ ಹಿಂದೂ ಅಥವಾ ಮುಸ್ಲಿಂ ಅಂತ ಬರೆಸುತ್ತಾರೆ. ಗುರುವಿನ ಮನೆಯಲ್ಲಿ ಸೇರಿದಾಗ ಮಾತ್ರ ತಾವು ಯಾರು ಅಂತ ಹಾಡಿನಲ್ಲಿ ಹೇಳಿಕೊಳ್ಳುತ್ತಾರೆ. ಅದಕ್ಕೇ ಇವರ ಬಗ್ಗೆ ತಿಳಿಯೋಕೆ ಹಾಡೇ ದೊಡ್ಡ ದಾಖಲೆ.

ಒಂದೊಂದು ಪಂಥದ ಹಿಂದೆಯೂ ಒಂದು ಕಥೆ ಇದೆ. ನನಗೆ ತುಂಬಾ ಇಷ್ಟವಾದದ್ದು ಬಲರಾಮಿ ಪಂಥ ಕಟ್ಟಿದ ಬಲರಾಮನದು. ಮೆಹೆರ್‌ಪುರದವನು, ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ಜಾತಿಯಲ್ಲಿ ಹಾಡಿ, ಅಂದರೆ ಊರಿನ ಹೊಲಸು ಬಾಚಬೇಕಾದ ಜಾತಿ. ಜಮೀನ್ದಾರರ ಮನೆಯಲ್ಲಿ ಕಾವಲುಗಾರನಾಗಿದ್ದ. ದೇವರ ಒಡವೆ ಕಳುವಾದಾಗ ಇವನ ಮೇಲೆ ಅನುಮಾನ ಬಂತು, ಊರು ಬಿಟ್ಟ. ಎಷ್ಟೋ ಕಾಲದ ಮೇಲೆ ತನ್ನದೇ ಪಂಥ ಕಟ್ಟಿಕೊಂಡ. ಮೂರ್ತಿ ಇಲ್ಲ, ಬ್ರಾಹ್ಮಣ ಇಲ್ಲ, ಮಂತ್ರ ಇಲ್ಲ. ಅವನ ಬಗ್ಗೆ ಹೇಳುವ ಒಂದು ಪ್ರಸಂಗ ಇದೆ. ಬ್ರಾಹ್ಮಣರು ನದಿಯಲ್ಲಿ ನಿಂತು ಪಿತೃಗಳಿಗೆ ತರ್ಪಣ ಬಿಡುತ್ತಿದ್ದರಂತೆ. ಇವನೂ ಪಕ್ಕದಲ್ಲಿ ನಿಂತು ನೀರನ್ನು ದಡದ ಕಡೆ ಎರಚತೊಡಗಿದ. ಏನೋ ಇದು ಅಂದರೆ, ನನ್ನ ಸೊಪ್ಪಿನ ಮಡಿಗೆ ನೀರು ಬಿಡ್ತಿದ್ದೇನೆ ಅಂದ. ಮಡಿ ಇಲ್ಲೆಲ್ಲಿದೆ ಅಂದರೆ, ನಿಮ್ಮ ನೀರು ಪರಲೋಕಕ್ಕೆ ಮುಟ್ಟುವುದಾದರೆ ನನ್ನದು ಪಕ್ಕದ ಹೊಲಕ್ಕೆ ಮುಟ್ಟೋದಿಲ್ವಾ ಅಂದ. ಇದೇ ತರಹದ ಕಥೆ ನಾನಕರ ಬಗ್ಗೆಯೂ ಇದೆ, ಅದು ಬೇರೆ ಮಾತು. ಜಾತಿಯ ಹೆಸರನ್ನು ಅವನು ತಿರುಗಿಸಿದ ರೀತಿ ಮಾತ್ರ ಅವನದೇ. ಬಂಗಾಳಿಯಲ್ಲಿ ಘರ್ ಅಂದರೆ ಮನೆ, ಮನೆ ಕಟ್ಟುವವನು ಘರಾಮಿ. ಹಾಡ್ ಅಂದರೆ ಎಲುಬು. ಹಾಗಾದರೆ ಎಲುಬು ಮಾಡಿದವನು ಹಾಡಿ, ಅಂದರೆ ಸೃಷ್ಟಿ ಮಾಡಿದವನು! ಬೈಗುಳದಂತಿದ್ದ ಜಾತಿಯ ಹೆಸರು ದೇವರ ಹೆಸರಾಯಿತು. ನಮ್ಮ ಕಿವಿಗೆ ಅದು "ಹಾಡಿ" ಅಂತ ಕೇಳಿಸುವುದು ಇನ್ನೊಂದು ಚೆಂದ.

ಸಾಹೇಬಧನಿಯವರ ದೊಡ್ಡ ಹಾಡುಗಾರ ಕುಬೀರ್ ಗೋಸಾಯಿ. ಇವನ ಒಂದು ಹಾಡನ್ನು ರಾಮಕೃಷ್ಣ ಪರಮಹಂಸರು ಹಾಡುತ್ತಿದ್ದರು. ಕಲ್ಕತ್ತೆಯ ಎಷ್ಟೋ ಮನೆಗಳಲ್ಲಿ ಆ ಹಾಡು ಗೊತ್ತು, ಸಾಹೇಬಧನಿ ಅನ್ನುವ ಹೆಸರು ಗೊತ್ತಿಲ್ಲ. ಹಾಡಿನ ಕೊನೆಯಲ್ಲಿ ಬರುವ ಕುಬೀರ ಎಂಬ ಹೆಸರನ್ನು ಕಬೀರ ಅಂದುಕೊಂಡು ಸುಮ್ಮನಾಗುವುದೂ ಸುಲಭ. ಹಾಡು ದೊಡ್ಡಮನೆ ಸೇರಿತು, ಹಾಡಿದವರು ಹೊರಗೇ ಉಳಿದರು.

ಇನ್ನು ನಿನ್ನ ಕಾರಿಗಾರರ ಘೋಷಪಾಡಾ. ಅದು ಕಲ್ಯಾಣಿಯ ಹತ್ತಿರ, ಕರ್ತಾಭಜಾದವರ ಮೂಲಸ್ಥಾನ. ಆವುಲಚಾಂದ್ ಎಂಬ ಫಕೀರನಿಂದ ಶುರುವಾಯಿತು, ಕೃಷ್ಣಭಕ್ತ ಸಂತ ಚೈತನ್ಯರೇ ಫಕೀರನ ವೇಷದಲ್ಲಿ ಬಂದರು ಎಂದು ನಂಬುತ್ತಾರೆ. ಆಮೇಲೆ ರಾಮಶರಣ ಪಾಲ್, ಅವನ ಹೆಂಡತಿಯೇ ಸತೀಮಾ. ಅವರ ಮಗ ದುಲಾಲಚಾಂದ್ ಹಾಡು ಬರೆದ, ಲಾಲಶಶಿ ಎಂಬ ಅಂಕಿತದಲ್ಲಿ. ಮುಂಬೈಯವಳಾದ ನಿನಗೆ ಅವು ಹಿಡಿಸಲೇಬೇಕು, ಯಾಕೆಂದರೆ ತುಂಬಾ ಸಂತೆ ಮಾತು. ಕಂಪನಿ, ದಲಾಲಿ, ಹಡಗು, ಸರಕು, ಸಾಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಕಲ್ಕತ್ತೆಯ ಬಜಾರನ್ನೇ ಎತ್ತಿ ತಂದು ದೇವರ ಮಾತು ಹೇಳುತ್ತಾನೆ. ಝವೇರಿ ಬಜಾರಿನ ಮಗ್ಗುಲಲ್ಲಿ ಕೂತು ಆ ಹಾಡು ಕೇಳುವ ಭಾಗ್ಯ ನಿನ್ನ ಮಾರ್ಗದರ್ಶಕರಿಗೂ ಸಿಕ್ಕಿರಲಾರದು.

ನಮ್ಮ ಶಿಶುನಾಳ ಶರೀಫರು ಹೋದದ್ದು 1889ರಲ್ಲಿ, ಬಾವುಲರ ದೊಡ್ಡ ಹಾಡುಗಾರ ಲಾಲನ್ ಫಕೀರ್ ಹೋದದ್ದು 1890ರಲ್ಲಿ. ನಮ್ಮಲ್ಲಿ ಅಂಕಿತ, ಅವರಲ್ಲಿ ಭಣಿತಾ. ನಮ್ಮಲ್ಲಿ ಒಗಟಿನಂಥ ಬೆಡಗು, ಅವರಲ್ಲಿ ಸಂಧ್ಯಾಭಾಷೆ. ಈ ಹೋಲಿಕೆ ಎಷ್ಟು ಸಲೀಸಾಗಿ ಬರುತ್ತದೆ ಎಂದರೆ ಅದೇ ಅಪಾಯ. ತತ್ವಪದ ಕೇಳಿ ಬೆಳೆದ ಕಿವಿ ಎಲ್ಲದಕ್ಕೂ "ಓ, ಇದು ನಮ್ಮಲ್ಲೂ ಇದೆ" ಅನ್ನುತ್ತದೆ. ನನಗೆ ಎರಡು ವರ್ಷ ಹಾಗೇ ಆಗಿತ್ತು.

ಮಾಟುಂಗಾ ರಸ್ತೆ:

ಏಕತಾರಿ ಸರ್ ಹೇಳಿದ ಕೊನೆಯ ಮಾತಿಗೆ ನನ್ನದೂ ಒಂದು ಹಿಡಿ ಉಪ್ಪು. ಇಂಥ ಪ್ರಬಂಧಗಳಲ್ಲಿ ಮೂರನೇ ಪುಟಕ್ಕೆ "ಹಿಂದೂ ಮುಸ್ಲಿಂ ಭಾವೈಕ್ಯ" ಬಂದುಬಿಡುತ್ತದೆ, ಅಲ್ಲಿಗೆ ಯೋಚನೆ ನಿಲ್ಲುತ್ತದೆ. ದಯವಿಟ್ಟು ಅದನ್ನು ಬರೆಯಬೇಡಿ. ಇವರು ಎರಡೂ ಕಡೆಯನ್ನು ಒಂದು ಮಾಡಲು ಹೊರಟ ಸಮಿತಿಯವರಲ್ಲ. ಎರಡೂ ಕಡೆಯಿಂದ ಪೆಟ್ಟು ತಿಂದವರು. 1920ರ ದಶಕದಲ್ಲಿ ಬಾವುಲರನ್ನು ನಾಶ ಮಾಡಬೇಕು ಎನ್ನುವ ಫತ್ವಾ ಪುಸ್ತಕವಾಗಿಯೇ ಅಚ್ಚಾಯಿತು. ಫಕೀರರ ಜಡೆ ಕತ್ತರಿಸಿದ್ದು, ಏಕತಾರಾ ಮುರಿದದ್ದು ಎಲ್ಲ ಆಗಿದೆ. ಈ ಕಡೆ ಓದಿದ ಮೇಲ್ಜಾತಿಯ ಭದ್ರಲೋಕದವರು ಇವರನ್ನು ಅಸಹ್ಯದ ಪಂಥಗಳು ಎಂದರು.

ಅಸಹ್ಯ ಅಂದದ್ದು ಯಾಕೆ ಅಂತಲೂ ತಿಳಿದಿರಲಿ, ಇಲ್ಲಾಂದ್ರೆ ಹಾಡು ಅರ್ಥವಾಗುವುದೇ ಇಲ್ಲ. ಈ ಹಾಡುಗಳಲ್ಲಿ ಬರುವ ನದಿ, ಚಂದ್ರ, ಮೀನು, ಅಮಾವಾಸ್ಯೆ, ತ್ರಿವೇಣಿ ಪ್ರಕೃತಿ ವರ್ಣನೆ ಅಲ್ಲ. ಬಹಳ ಕಡೆ ಅದು ದೇಹ. ಗಂಡು ಹೆಣ್ಣು ಜೋಡಿಯಾಗಿ ಮಾಡುವ ಸಾಧನೆಯ ಮಾತು, ಹೆಣ್ಣಿನ ಮುಟ್ಟಿನ ದಿನಗಳ ಲೆಕ್ಕ. "ನಾಲ್ಕು ಚಂದ್ರ" ಅಂದರೆ ದೇಹದಿಂದ ಹೊರಬರುವ ನಾಲ್ಕು ವಸ್ತುಗಳು. ಗುರುವಿನ ಹತ್ತಿರ ದೀಕ್ಷೆ ಪಡೆಯದವರಿಗೆ ಅವರು ಇದನ್ನು ಬಿಡಿಸಿ ಹೇಳುವುದಿಲ್ಲ. ರವೀಂದ್ರನಾಥ ಠಾಕೂರರು 1915ರಲ್ಲಿ ಲಾಲನ್ ಹಾಡುಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು, ದೊಡ್ಡ ಉಪಕಾರವೇ. ಆದರೆ ಓದುಗರಿಗೆ ಸಿಕ್ಕಿದ್ದು ಒಬ್ಬ ಅಲೆಮಾರಿ ಕವಿಯ ಚಿತ್ರ, ಮೈ ಇಲ್ಲದ ಬರೀ ಮನಸ್ಸು. ಉಪೇಂದ್ರನಾಥ ಭಟ್ಟಾಚಾರ್ಯರು 1957ರ ಹೊತ್ತಿಗೆ ಸಾಧನೆಯ ಭಾಗವನ್ನೂ ಸೇರಿಸಿ ದೊಡ್ಡ ಸಂಗ್ರಹ ತಂದ ಮೇಲೆ ಚರ್ಚೆಯ ದಿಕ್ಕು ಬದಲಾಯಿತು. ಈಗ ಯುನೆಸ್ಕೊ ಪಟ್ಟಿಯಲ್ಲಿ ಬಾವುಲ್ ಇದೆ, ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರ 1967ರ ಆಲ್ಬಮ್ಮಿನ ಮುಖಪುಟದಲ್ಲೂ ಇಬ್ಬರು ಬಾವುಲರು ನಿಂತಿದ್ದಾರೆ. ಬಲರಾಮಿಗಳು ಯಾವ ಮುಖಪುಟದಲ್ಲೂ ಇಲ್ಲ. ಆದ್ದರಿಂದ ಮಾರ್ಗದರ್ಶಕರಿಗೆ ಹೇಳಿ, ನೂರು ಜನ ಮಾಡಿದ್ದು ಇದನ್ನಲ್ಲ ಅಂತ.

ಭಾಷೆಯ ವಿಷಯಕ್ಕೆ ಬಂದರೆ, ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅನ್ನಿಸುವ ಪದವೇ ಜಾಸ್ತಿ ಮೋಸ ಮಾಡುತ್ತದೆ. ಇವರಲ್ಲಿ "ಅನುಮಾನ" ಮತ್ತು "ವರ್ತಮಾನ" ಅಂತ ಎರಡು ಮಾತಿದೆ. ನಮಗೆ ಅನುಮಾನ ಅಂದರೆ ಸಂಶಯ, ವರ್ತಮಾನ ಅಂದರೆ ಸುದ್ದಿ ಅಥವಾ ಈಗಿನ ಕಾಲ. ಅವರಿಗೆ ಅನುಮಾನ ಅಂದರೆ ಶಾಸ್ತ್ರ, ಸ್ವರ್ಗ, ಕಂಡಿಲ್ಲದೆ ನಂಬಿದ್ದೆಲ್ಲ. ವರ್ತಮಾನ ಅಂದರೆ ಕಣ್ಣಮುಂದೆ ಇರುವುದು, ಅಂದರೆ ಮನುಷ್ಯ, ಗುರು, ದೇಹ. ಈ ಎರಡು ಪದ ಸರಿಯಾಗಿ ಹಿಡಿದುಕೊಂಡರೆ ಅರ್ಧ ಹಾಡು ತಾನೇ ಬಿಚ್ಚಿಕೊಳ್ಳುತ್ತದೆ. ನಿಮ್ಮ "ಮನೆಯ ಮನುಷ" ಅಷ್ಟೇನೂ ತಪ್ಪಲ್ಲ ನೋಡಿ, ಅವರಲ್ಲಿ ದೇಹವೇ ಮನೆ.

ವಾಸ್ಕೋ ಲೋಕಲ್:

ನಾನು ಓದಿದವನಲ್ಲ, ಸುಮ್ನೆ ವಾದ್ಯಗಳ ಹುಚ್ಚು. ಒಂದು ತಪ್ಪು ಮಾಡಿದ್ದೇನೆ, ಅದನ್ನು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ಕೆಲವು ವರ್ಷದ ಹಿಂದೆ ಸಂಕ್ರಾಂತಿಗೆ ಬೀರ್‌ಭೂಮ್ ಜಿಲ್ಲೆಯ ಜಯದೇವ್ ಕೆಂದುಲಿ ಮೇಳಕ್ಕೆ ಹೋಗಿದ್ದೆ. ಅಜಯ್ ನದಿಯ ದಡ, ಚಳಿ ಅಂದರೆ ಚಳಿ, ರಾತ್ರಿಯಿಡೀ ಒಂದೊಂದು ಅಖಾಡಾದಲ್ಲಿ, ಅಂದರೆ ಹಾಡುವವರ ಬಿಡಾರದಲ್ಲಿ, ಒಂದೊಂದು ಗುಂಪು. ದೊಡ್ಡ ವೇದಿಕೆಗಳಲ್ಲಿ ಮೈಕಿನ ಗದ್ದಲ. ಬೆಳಗಿನ ಜಾವ ಮೂರೂವರೆಗೆ ಒಂದು ಮೂಲೆಯಲ್ಲಿ ಐದಾರು ಜನ ಕಂಬಳಿ ಹೊದ್ದು ಮೆಲ್ಲಗೆ ಹಾಡುತ್ತಿದ್ದರು. ಒಬ್ಬ ಕಂಕುಳಲ್ಲಿ ಖಮಕ್ ಎಂಬ ವಾದ್ಯ ಇಟ್ಟುಕೊಂಡಿದ್ದ. ಅದನ್ನು ನೋಡಿ ನನಗೆ ಮೈ ಜುಂ ಅಂದಿತು, ಯಾಕೆಂದರೆ ನಮ್ಮಜ್ಜಿಯ ಊರು ಸವದತ್ತಿ ಹತ್ತಿರ, ಜೋಗತಿಯರ ಚೌಡಿಕೆ ನೋಡಿಕೊಂಡೇ ಬೆಳೆದವನು ನಾನು. ಅದೇ ಕ್ರಮ! ಕೆಳಗೆ ಚರ್ಮ ಬಿಗಿದ ಮರದ ಕೊಳಗ, ಚರ್ಮದ ನಡುವಿನಿಂದ ಹೊರಟ ತಂತಿ. ಚೌಡಿಕೆಯಲ್ಲಿ ತಂತಿಯ ಇನ್ನೊಂದು ತುದಿ ಕೋಲಿಗೆ ಕಟ್ಟಿರುತ್ತದೆ. ಖಮಕ್‌ನಲ್ಲಿ ಕೋಲಿಲ್ಲ, ತುದಿಯಲ್ಲಿ ಒಂದು ಗುಂಡಿ ಇದೆ, ಅದನ್ನು ಎಡಗೈಯಲ್ಲಿ ಹಿಡಿದು ಎಳೆದು ಸಡಿಲಿಸುತ್ತಾ ಬಲಗೈಯಲ್ಲಿ ಮೀಟುತ್ತಾರೆ. ಎಳೆದಂತೆ ದನಿ ಏರುತ್ತದೆ, ಬಿಟ್ಟಂತೆ ಇಳಿಯುತ್ತದೆ, ಯಾರೋ ಬಿಕ್ಕಿದ ಹಾಗೆ. ಎಲ್ಲಮ್ಮನ ಗುಡ್ಡ ಎಲ್ಲಿ, ಅಜಯ್ ನದಿ ಎಲ್ಲಿ!

ನಾನು ಏನು ಮಾಡಿದೆ ಅಂದರೆ ಫೋನ್ ತೆಗೆದು ರೆಕಾರ್ಡ್ ಮಾಡಿದೆ. ಅವರು ಬೇಡ ಅನ್ನಲಿಲ್ಲ, ಅಷ್ಟೇ ಸಾಕು ಅಂದುಕೊಂಡೆ. ಊರಿಗೆ ಬಂದು ಯೂಟ್ಯೂಬಿಗೆ ಹಾಕಿದೆ. ನಾಲ್ಕು ತಿಂಗಳಾದ ಮೇಲೆ ಅವರ ಪೈಕಿ ಒಬ್ಬರ ಮಗ ಕಮೆಂಟ್ ಹಾಕಿದ, ಈ ಹಾಡು ಗುರುವಿನ ಮನೆಯಲ್ಲಿ ದೀಕ್ಷೆ ಆದವರ ನಡುವೆ ಹಾಡುವಂಥದ್ದು, ಅಪ್ಪನಿಗೆ ಊರಲ್ಲಿ ಮಾತು ಬಂದಿದೆ ಅಂತ. ತಕ್ಷಣ ತೆಗೆದೆ. ಆದರೆ ಅಷ್ಟರಲ್ಲಿ ಬೇರೆ ಯಾರೋ ಇಳಿಸಿಕೊಂಡು ಅದಕ್ಕೆ ತಬಲಾ ಸೇರಿಸಿ ಹಾಕಿಯಾಗಿತ್ತು. ಅದು ಇವತ್ತಿಗೂ ಇದೆ. ಬೇಡ ಅನ್ನದಿರುವುದು ಒಪ್ಪಿಗೆ ಅಲ್ಲ ಕಣ್ರೀ. ಯಾವುದನ್ನು ಹೊರಗೆ ಹಾಡಬಹುದು, ಯಾವುದನ್ನು ಬರೆದುಕೊಳ್ಳಬಹುದು, ಯಾವುದನ್ನು ಸುಮ್ಮನೆ ಕೇಳಿ ಬಿಡಬೇಕು ಅಂತ ಮೂರನ್ನೂ ಬೇರೆಬೇರೆಯಾಗಿ ಕೇಳಿ.

ಕೂತಲ್ಲೇ ಕೇಳುವುದಕ್ಕೆ ಮೌಶುಮಿ ಭೌಮಿಕ್ ಮತ್ತು ಸುಕಾಂತ ಮಜುಂದಾರ್ ನಡೆಸುವ ಟ್ರಾವೆಲಿಂಗ್ ಆರ್ಕೈವ್ ಇದೆ. ಅರ್ನಾಲ್ಡ್ ಬಾಕೆ ಎಂಬ ಡಚ್ ವಿದ್ವಾಂಸ 1930ರ ದಶಕದಲ್ಲಿ ಬಂಗಾಳದಲ್ಲಿ ಮೇಣದ ಸಿಲಿಂಡರುಗಳಲ್ಲಿ ಹಿಡಿದಿಟ್ಟ ದನಿಗಳ ಜಾಡು ಹಿಡಿದು ಇವರು ಹೋಗಿದ್ದಾರೆ. ಯಾರು, ಎಲ್ಲಿ, ಯಾರ ಮುಂದೆ ಹಾಡಿದರು ಅಂತ ಬರೆದಿಡುವುದು ಹೇಗೆ ಎಂದು ಕಲಿಯಲು ಅದೊಂದೇ ಸಾಕು.

ಸಿಂಧನೂರ ಭತ್ತ:

ನೀವೆಲ್ಲ ನದಿಯಾ, ಬೀರ್‌ಭೂಮ್ ಅಂತ ಹೋಗ್ತಾ ಇದ್ದೀರಿ, ನಾನು ಸಿಂಧನೂರಿನ ಕಡೆ ಕೈ ತೋರಿಸಲಾ? ಈಗ ಪುಣೆಯ ಹಿಂಜವಡಿಯಲ್ಲಿ ಕೆಲಸ, ಆದರೆ ಊರು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕು. ಅಲ್ಲಿ ಆರ್‌ಎಚ್ ಕ್ಯಾಂಪುಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಭೂಮಿ ಕೊಟ್ಟು ಕೂರಿಸಿದ ಊರುಗಳು. ನಮ್ಮ ಶಾಲೆಯಲ್ಲಿ ಕ್ಯಾಂಪಿನ ಹುಡುಗರು ಇದ್ದರು. ನಮಗಿಂತ ಖಡಕ್ ಕನ್ನಡ ಮಾತಾಡುತ್ತಿದ್ದರು, ಮನೆಯಲ್ಲಿ ಬಂಗಾಳಿ.

ಅವರಲ್ಲಿ ಬಹಳಷ್ಟು ಜನ ನಾಮಶೂದ್ರರು, ಬಂಗಾಳದ ಒಂದು ದಲಿತ ಜಾತಿಯವರು. ನಾಮಶೂದ್ರರ ನಡುವೆ ಹುಟ್ಟಿದ್ದೇ ಮತುವಾ ಪಂಥ. ಹರಿಚಾಂದ್ ಠಾಕೂರ್ 1812ರಲ್ಲಿ ಹುಟ್ಟಿದವರು. ಪಂಥದ ಮೂಲಸ್ಥಾನ ಓಡಾಕಾಂದಿ ಈಗ ಬಾಂಗ್ಲಾದೇಶದಲ್ಲಿದೆ. ಮಗ ಗುರುಚಾಂದ್ ಊರೂರಲ್ಲಿ ಶಾಲೆ ಮಾಡಿಸಿದರು, ಚಂಡಾಲ ಎಂದು ಬರೆಯುತ್ತಿದ್ದ ಸರ್ಕಾರಿ ದಾಖಲೆಯಲ್ಲಿ 1911ರ ಗಣತಿಯ ಹೊತ್ತಿಗೆ ನಾಮಶೂದ್ರ ಎಂದಾಯಿತು. ದೇಶ ಒಡೆದ ಮೇಲೆ ಈ ಕಡೆ, ಪಶ್ಚಿಮ ಬಂಗಾಳದಲ್ಲಿ, ಅವರ ಹೊಸ ನೆಲೆಯಾಗಿ ಠಾಕೂರ್‌ನಗರ ಬಂತು. ಮತುವಾ ಕೀರ್ತನೆ ಅಂದರೆ ನೀವೆಲ್ಲ ಮೇಲೆ ಹೇಳಿದ ಗುಟ್ಟಿನ ಹಾಡಿನ ತರಹ ಅಲ್ಲವೇ ಅಲ್ಲ. ದೊಡ್ಡ ಡಂಕಾ ಬಾರಿಸಿ, ಕಂಚಿನ ತಾಳ ಹಾಕಿ, ಕೆಂಪು ನಿಶಾನೆ ಎತ್ತಿ, ಹರಿಬೋಲ್ ಅಂತ ಕೂಗಿ ಕುಣಿಯುವುದು. ಅಡಗಿಕೊಂಡು ಹಾಡಿದ್ದು ಸಾಕು, ಈಗ ಎಲ್ಲರಿಗೂ ಕೇಳಲಿ ಅನ್ನುವ ಹಾಗೆ. ಈಗ ಅದರಲ್ಲಿ ಚುನಾವಣೆ ರಾಜಕೀಯ ಬೇರೆ ಸೇರಿಕೊಂಡಿದೆ, ಅದು ಇಲ್ಲಿ ಬೇಡ.

ನಿಮ್ಮ ಮಹಾರಾಷ್ಟ್ರದಲ್ಲೂ ಗಡಚಿರೋಲಿ, ಚಂದ್ರಪುರ ಕಡೆ ಇದೇ ತರಹದ ಬಂಗಾಳಿ ನಿರಾಶ್ರಿತರ ಹಳ್ಳಿಗಳಿವೆ. ನಾನು ನೀವಾಗಿದ್ದರೆ ಸಿಂಧನೂರಿಗೇ ಹೋಗುತ್ತಿದ್ದೆ. ತಾವೇ ಹಾಡಿ ತಾವೇ ಕನ್ನಡದಲ್ಲಿ ಅರ್ಥ ಹೇಳುವ ಜನ ನಿಮಗೆ ಬಂಗಾಳದಲ್ಲಿ ಸಿಗುತ್ತಾರಾ? ತತ್ವಪದ ಹಾಡುವ ಭಜನಾ ಮಂಡಳಿ ಪಕ್ಕದೂರಲ್ಲೇ ಇರುತ್ತದೆ. ಹೋಲಿಕೆ ನೀವು ಮಾಡುವುದೇ ಬೇಡ, ಅವರನ್ನೇ ಕೇಳಿ.

ಕಾಲ್ಬಾದೇವಿ ಕಾಫಿ:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಸಿಂಧನೂರಿನ ವಿಷಯ ಓದಿ ನಮ್ಮ ಚಿಕ್ಕಪ್ಪ ಕುರ್ಚಿಯಿಂದ ಎದ್ದೇ ನಿಂತರು. ಅವರ ಅಡುಗೆಯವನು ಆ ಕಡೆಯವನೇ!

ನಿನ್ನೆ ಕಾರಿಗಾರರು ಬಂದಾಗ ಲಾಲಶಶಿಯ ಹೆಸರು ಹೇಳಿದೆ. ಚಹಾ ಅಲ್ಲೇ ಇಟ್ಟು ಮೇಲೆ ಹೋದರು. ಸಿಟ್ಟು ಬಂತೇನೋ ಅಂದುಕೊಂಡೆ. ಐದು ನಿಮಿಷಕ್ಕೆ ಒಂದು ಉದ್ದ ಲೆಕ್ಕದ ಪುಸ್ತಕ ಹಿಡಿದು ಬಂದರು, ಕೆಂಪು ಬಟ್ಟೆಯ ರಟ್ಟಿನದು. ಮುಂದಿನಿಂದ ತೆಗೆದರೆ ಗ್ರಾಂ, ಮಿಲಿಗ್ರಾಂ, ಯಾವ ತಾರೀಖಿಗೆ ಎಷ್ಟು ಚಿನ್ನ ಕೊಟ್ಟರು, ಎಷ್ಟು ಸವಕಳಿ ಹೋಯಿತು. ತಿರುಗಿಸಿ ಹಿಂದಿನಿಂದ ತೆಗೆದರೆ ಹಾಡುಗಳು. ಎರಡೂ ಕಡೆಯಿಂದ ಬರೆಯುತ್ತಾ ಬಂದು ನಡುವೆ ಹತ್ತಿಪ್ಪತ್ತು ಹಾಳೆ ಖಾಲಿ ಉಳಿದಿದೆ. ವಾಸ್ಕೋ ಅವರೇ, ನೀವು ಹೇಳಿದ ಹಾಗೆ ಮೂರನ್ನೂ ಬೇರೆಬೇರೆಯಾಗಿ ಕೇಳಿದೆ. ಫೋಟೊ ಬೇಡ, ರೆಕಾರ್ಡ್ ಬೇಡ ಅಂದರು. ತಾವು ಆರಿಸಿ ಹೇಳಿದ್ದನ್ನು ನಾನು ಕೈಯಲ್ಲಿ ಬರೆದುಕೊಳ್ಳಬಹುದಂತೆ. ಒಂದು ಹಾಡು ಆಯಿತು. ಅರ್ಥ ಕೇಳಲಿಲ್ಲ.

ಈಗ ಒಂದು ಸಣ್ಣ ತೊಂದರೆ. ಕನ್ನಡದಲ್ಲಿ ಬರೆದುಕೊಳ್ಳುವಾಗ "ಮನ" ಅಂತ ಬರೆಯಲಾ, "ಮೊನ್" ಅಂತ ಬರೆಯಲಾ? "ವಿಷಯ" ಅಂತಲೋ "ಬಿಶೊಯ್" ಅಂತಲೋ? ಸಂಸ್ಕೃತದ ಹಾಗೆ ಬರೆದರೆ ನಮ್ಮವರಿಗೆ ಅರ್ಥವಾಗುತ್ತದೆ, ಆದರೆ ಅವರು ಹಾಡಿದ ಹಾಗೆ ಇರುವುದಿಲ್ಲ.

ಏಕತಾರಿ:

ಅವರ ಬಾಯಲ್ಲಿ ಬಂದ ಹಾಗೇ ಬರಿ, ಮೊನ್, ಬಿಶೊಯ್ ಎಂದೇ. ಕೆಳಗೆ ಒಂದು ಸಾಲು ಖಾಲಿ ಬಿಡು. ಬಂಗಾಳಿ ಲಿಪಿಯಲ್ಲಿ ಬ ಮತ್ತು ವ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ಆ ಪುಸ್ತಕ ನೋಡಿ ಬರೆದರೂ ಬಗೆಹರಿಯುವುದಿಲ್ಲ. ಲಿಪಿಯನ್ನು ನೀನು ಎರಡು ವಾರದಲ್ಲಿ ಕಲಿಯುತ್ತೀಯ, ಆಮೇಲೆ ಖಾಲಿ ಸಾಲು ತುಂಬು. ದೋಲ್ ಹುಣ್ಣಿಮೆಗೆ ಘೋಷಪಾಡಾದಲ್ಲಿ ಸತೀಮಾ ಮೇಳ, ನಮ್ಮ ಹೋಳಿ ಹೊತ್ತಿಗೆ. ದಾಳಿಂಬೆ ಗಿಡದ ಕೆಳಗೆ ಹರಕೆ ಹೊತ್ತವರು ಕೂತಿರುತ್ತಾರೆ, ಹಾಡು ಅಲ್ಲಿ ಕೇಳಿಸಿಕೋ, ವೇದಿಕೆಯ ಹತ್ತಿರ ಬೇಡ. ಗೀತಾಂಜಲಿ ಎಕ್ಸ್‌ಪ್ರೆಸ್ಸಿಗೆ ಈಗಲೇ ಟಿಕೆಟ್ ಮಾಡಿಸು, ಹೋಳಿಯ ಹೊತ್ತಿಗೆ ಊರಿಗೆ ಹೋಗುವ ಕಾರಿಗಾರರಿಂದಲೇ ಆ ರೈಲು ತುಂಬಿರುತ್ತದೆ. ನಿನ್ನ ಕಾರಿಗಾರರು ಹೋಗುತ್ತಾರಾ ಅಂತ ಮೊದಲು ಕೇಳು, ಹೋಗುವುದಾದರೆ ಅದೇ ಡಬ್ಬಿಯಲ್ಲಿ ಹೋಗು.